ಮರುದಿನದ ಹೊಡೆತ

2021ರ ಏಪ್ರಿಲ್ 17ರಂದು ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಹಿಂದಿನ ಸೆಪ್ಟೆಂಬರಿನಲ್ಲಿ ಕೋವಿಡ್‌ನಿಂದಲೇ ತೀರಿಕೊಂಡ ರೈಲ್ವೆ ರಾಜ್ಯ ಸಚಿವ ಸುರೇಶ ಅಂಗಡಿಯವರ ಸ್ಥಾನ ಅದು. ಖಾನಾಪುರ ತಾಲೂಕಿನ ಓಟು ಈ ಕ್ಷೇತ್ರಕ್ಕೆ ಬರುವುದಿಲ್ಲ, ಉತ್ತರ ಕನ್ನಡಕ್ಕೆ ಹೋಗುತ್ತದೆ. ಸೋಂಕು ಮಾತ್ರ ಎರಡೂ ಕಡೆ ಸಮನಾಗಿ ಹಬ್ಬಿತ್ತು. ಅದೇ ತಿಂಗಳು ಖಾನಾಪುರದ ಘಟ್ಟದ ಕಡೆಯ ಸಣ್ಣ ಊರು ಅಬನಾಳಿಯ ಸುದ್ದಿ ರಾಜ್ಯದ ತುಂಬ ಓಡಾಡಿತು. 300ರ ಆಸುಪಾಸು ಜನ. ಅವರಲ್ಲಿ 144 ಮಂದಿಗೆ ಪಾಸಿಟಿವ್. ಊರಿಗೆ ಊರೇ ಕಂಟೇನ್‌ಮೆಂಟ್ ಆಯಿತು.

ಕಂಟೇನ್‌ಮೆಂಟ್ ದಿನಗಳ ಗಡುವು ಮುಗಿದ ಮೇಲೆ ಇಂಥ ಊರುಗಳ ಹೆಸರು ಪತ್ರಿಕೆಗಳಿಂದ ಇಳಿದುಹೋಗುತ್ತದೆ. ದಿನಗಳ ಈ ಎಲ್ಲ ಲೆಕ್ಕದ ಹಿಂದೆ ಒಂದೇ ಅಂದಾಜು ಇತ್ತು. 2020ರ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಚೀನಾವೂ ಸೇರಿ ಕಳಿಸಿದ ತಜ್ಞರ ತಂಡ ತನ್ನ ವರದಿಯಲ್ಲಿ, ರೋಗ ಸೌಮ್ಯವಾಗಿದ್ದರೆ ಸುಮಾರು ಎರಡು ವಾರಕ್ಕೆ, ತೀವ್ರವಾಗಿದ್ದರೆ ಮೂರರಿಂದ ಆರು ವಾರಕ್ಕೆ ವಾಸಿಯಾಗುತ್ತದೆ ಎಂದು ಬರೆದಿತ್ತು. ಸಂಜೆಯ ಹೆಲ್ತ್ ಬುಲೆಟಿನ್ನಿನ ಕಾಲಮ್ಮುಗಳೂ ಅದಕ್ಕೆ ತಕ್ಕಂತೆಯೇ ಇದ್ದವು: ಹೊಸ ಪ್ರಕರಣ, ಸಕ್ರಿಯ ಪ್ರಕರಣ, ಬಿಡುಗಡೆ, ಸಾವು. ಸೋಂಕು ತಗಲಿದವರು ಕೊನೆಗೆ ಬಿಡುಗಡೆಗೋ ಸಾವಿಗೋ ಸೇರಲೇಬೇಕು.

ಆ ಯಾವ ಕಾಲಮ್ಮಿಗೂ ಸೇರದವರು ಬೆಳಗಾವಿಯ ಓಣಿಗಳಲ್ಲೂ ಖಾನಾಪುರದ ಹೊಲಗಳಲ್ಲೂ ಇದ್ದರು. "ಜಡ್ಡು ಹೋತ್ರಿ, ಕಸುವು ಬರಲಿಲ್ಲ." "ಒಂದ ದಿನಾ ಕೆಲಸಾ ಮಾಡಿದ್ರ ಎರಡ ದಿನಾ ಹಾಸಿಗಿ ಹಿಡೀಬೇಕ್ರಿ." ಎರಡನೆಯ ಅಲೆಯ ನಂತರ ಈ ಭಾಗದಲ್ಲಿ ಇಂಥ ಮಾತು ಕೇಳದವರು ಕಡಿಮೆ. ಕೇಳಿದವರು "ಪಾಪ" ಅಂದರು, ಬೆಲ್ಲ-ತುಪ್ಪ ತಿನ್ನಲು ಹೇಳಿದರು, ಇಲ್ಲವೇ ಆಲಸಿ ಎಂದು ಬಗೆದರು. ಇದಕ್ಕೆ ಒಂದು ಕಾಯಿಲೆಯ ರೂಪವಿದೆ ಎಂಬುದು ಅಷ್ಟರಲ್ಲಾಗಲೇ ಜಗತ್ತಿಗೆ ಗೊತ್ತಾಗಿತ್ತು. ಗೊತ್ತುಮಾಡಿಕೊಂಡವರು ಯಾರು, ಹೇಗೆ ಎಂಬುದು ವೈದ್ಯಕೀಯದ ಇತಿಹಾಸದಲ್ಲೇ ಅಪರೂಪದ ಕತೆ.

2020ರ ಮಾರ್ಚಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ಪ್ರಾಧ್ಯಾಪಕ ಪಾಲ್ ಗಾರ್ನರ್ ಕಾಯಿಲೆ ಬಿದ್ದರು. ಸಾಂಕ್ರಾಮಿಕ ರೋಗಗಳ ಔಷಧಗಳಿಗೆ ಇರುವ ಪುರಾವೆಯನ್ನು ತೂಗಿ ನೋಡುವುದೇ ಅವರ ವೃತ್ತಿ. ಎರಡು ವಾರ ಕಳೆಯಿತು, ನಾಲ್ಕು ವಾರ ಕಳೆಯಿತು, ಏಳು ವಾರವೂ ಆಯಿತು. ಒಂದು ದಿನ ಎದ್ದು ಓಡಾಡುವಷ್ಟು ಹಗುರ, ಮರುದಿನ ಮಂಚದಿಂದ ಏಳಲಾಗದಷ್ಟು ಭಾರ. ಮೇ 5ರಂದು ಅವರು ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನ ಅಭಿಪ್ರಾಯ ಅಂಕಣದಲ್ಲಿ ತಮ್ಮ ಅವಸ್ಥೆಯನ್ನು ಬರೆದುಕೊಂಡರು. ರೋಗಿ ಹೇಳಿದರೆ ನಂಬದವರು ಪ್ರೊಫೆಸರ್ ಹೇಳಿದಾಗ ಕಿವಿ ನೆಟ್ಟಗೆ ಮಾಡಿಕೊಂಡರು. (ಮುಂದೆ ಗಾರ್ನರ್ ಗುಣವಾದರು. ಮನಸ್ಸಿನ ನಂಬಿಕೆಯನ್ನು ಬದಲಿಸಿಕೊಂಡೇ ಗುಣವಾದೆ ಎಂದು ಬರೆದು, ಮೊದಲು ತಮ್ಮನ್ನು ಮೆಚ್ಚಿದ ರೋಗಿಗಳ ಕೋಪಕ್ಕೆ ಗುರಿಯಾದರು. ಆವಿಷ್ಕಾರದ ಕತೆಗಳಲ್ಲಿ ನಾಯಕರು ಕೊನೆಯವರೆಗೂ ಒಂದೇ ಪಕ್ಷದಲ್ಲಿರುವುದಿಲ್ಲ.)

ಅದೇ ಮೇ 20ರಂದು ಇಟಲಿಯ ಲೊಂಬಾರ್ಡಿಯ ಪುರಾತತ್ವಜ್ಞೆ ಎಲೀಸಾ ಪೆರೆಗೊ, ತಾನೇ ಕಾಯಿಲೆಯಲ್ಲಿದ್ದಾಗ, ಟ್ವಿಟರಿನಲ್ಲಿ 'ಲಾಂಗ್ ಕೋವಿಡ್' ಎಂಬ ಹ್ಯಾಷ್‌ಟ್ಯಾಗ್ ಬಳಸಿದಳು. ಕೆಲವೇ ತಿಂಗಳಲ್ಲಿ ವೈದ್ಯಕೀಯ ಪತ್ರಿಕೆಗಳೂ ಸರಕಾರಗಳೂ ಅದನ್ನೇ ಎತ್ತಿಕೊಂಡವು.

ಇವೆರಡಕ್ಕಿಂತಲೂ ಮುಖ್ಯವಾದ ಕೆಲಸ ನ್ಯೂಯಾರ್ಕಿನಲ್ಲಿ ನಡೆಯಿತು. ಫಿಯೋನಾ ಲೊವೆನ್‌ಸ್ಟೈನ್ ಎಂಬ 26ರ ಲೇಖಕಿ ಏಪ್ರಿಲ್ 13ರಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ತನ್ನ ವಾಸಿಯಾಗದ ಕಾಯಿಲೆಯ ಬಗ್ಗೆ ಬರೆದಳು. ಆಕೆ ಕಟ್ಟಿದ ಬಾಡಿ ಪಾಲಿಟಿಕ್ ಎಂಬ ಗುಂಪಿನೊಳಗೆ ಸಾವಿರಾರು ರೋಗಿಗಳು ಬಂದು ಸೇರಿದರು. ಅವರಲ್ಲೇ ಕೆಲವರು ಡೇಟಾ ಬಲ್ಲವರು, ಸಮೀಕ್ಷೆ ಮಾಡಬಲ್ಲವರು: ಜೀನಾ ಅಸ್ಸಾಫ್, ಹ್ಯಾನಾ ಡೇವಿಸ್, ಲೀಸಾ ಮೆಕಾರ್ಕೆಲ್, ಹ್ಯಾನಾ ವೇ, ನರವಿಜ್ಞಾನಿ ಅಥೀನಾ ಅಕ್ರಮಿ. ಮಲಗಿದಲ್ಲಿಂದಲೇ ಪ್ರಶ್ನಾವಳಿ ಮಾಡಿದರು. 640 ಮಂದಿ ಉತ್ತರಿಸಿದರು. ಮೇ 11ಕ್ಕೆ ವರದಿ ಹೊರಬಂತು.

ಪ್ರಶ್ನಾವಳಿ ಬರೆಯುವಾಗ ಅವರು ಮಾಡಿದ ಒಂದು ತೀರ್ಮಾನವೇ ಈ ಕತೆಯ ತಿರುಳು ಎಂದು ನನ್ನ ಎಣಿಕೆ. ಪಾಸಿಟಿವ್ ವರದಿ ಇರುವವರನ್ನು ಮಾತ್ರ ಸೇರಿಸಿಕೊಳ್ಳಬೇಕೇ? ಶಾಸ್ತ್ರೀಯವಾಗಿ ನಡೆದುಕೊಳ್ಳುವ ಯಾವ ಆಸ್ಪತ್ರೆಯೂ ಹೌದು ಎನ್ನುತ್ತಿತ್ತು. ಇವರು ಬೇಡ ಎಂದರು. ಉತ್ತರ ಕೊಟ್ಟವರಲ್ಲಿ ಪಾಸಿಟಿವ್ ವರದಿಯಿದ್ದವರು ಕಾಲುಭಾಗಕ್ಕೂ ಕಡಿಮೆ. ಅರ್ಧದಷ್ಟು ಜನರಿಗೆ ಟೆಸ್ಟೇ ಆಗಿರಲಿಲ್ಲ, ಏಕೆಂದರೆ ಆಗ ಟೆಸ್ಟ್ ಕಿಟ್ಟುಗಳು ಆಸ್ಪತ್ರೆ ಸೇರಿದವರಿಗೆ ಮಾತ್ರ ಸಾಕಾಗುತ್ತಿದ್ದವು. ವರದಿ ಕೇಳಿದ್ದರೆ ಮನೆಯಲ್ಲೇ ನರಳಿದವರು ಹೊರಗುಳಿದು, ಇದು ಐಸಿಯುಗೆ ಹೋಗಿಬಂದವರ ತೊಂದರೆ ಎಂದು ಕಾಣುತ್ತಿತ್ತು. ಕೇಳದೆ ಬಿಟ್ಟದ್ದರಿಂದ, ಸೌಮ್ಯ ಎಂದು ಕರೆಸಿಕೊಂಡ ಜ್ವರವೂ ತಿಂಗಳುಗಟ್ಟಲೆ ಬಾಧಿಸುತ್ತದೆ ಎಂಬುದು ಮೊದಲ ಬಾರಿಗೆ ಕಂಡಿತು. ಇದೇ ತಂಡ 2021ರ ಜುಲೈನಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ 56 ದೇಶಗಳ 3,762 ಜನರಿದ್ದರು. ಅವರು ಹೇಳಿಕೊಂಡ ಲಕ್ಷಣಗಳು 203.

ಈ ತೀರ್ಮಾನವನ್ನು ಖಾನಾಪುರಕ್ಕೆ ತಂದು ನೋಡಿ. 2020ರ ಏಪ್ರಿಲ್‌ನಲ್ಲಿ ಬೆಳಗಾವಿಯ ಐಸಿಎಂಆರ್ ಪಾರಂಪರಿಕ ವೈದ್ಯ ಸಂಸ್ಥೆಯಲ್ಲಿ ಕೋವಿಡ್ ಪರೀಕ್ಷೆ ಶುರುವಾಗುವ ಮೊದಲು ಇಲ್ಲಿನ ಗಂಟಲು ದ್ರವ ಬೇರೆ ಊರಿಗೆ ಹೋಗಿ ಬರಬೇಕಿತ್ತು. 2021ರ ಮೇ ತಿಂಗಳಲ್ಲಿ ಲ್ಯಾಬ್ ಇತ್ತು. ಆದರೆ ಕಣಕುಂಬಿ, ಜಾಂಬೋಟಿ, ಲೋಂಡಾದ ಕಡೆಯ ಕಾಡಂಚಿನ ವಸತಿಗಳಿಂದ ಅಲ್ಲಿಗೆ ಬಂದು ತಲುಪುವುದು ಬೇರೆ ಮಾತು. ಜ್ವರ ಬಂತು, ಮಾತ್ರೆ ನುಂಗಿದರು, ಮಲಗಿದರು. ಅದೇ ವರ್ಷ ಜೂನ್-ಜುಲೈನಲ್ಲಿ ಐಸಿಎಂಆರ್ ನಡೆಸಿದ ನಾಲ್ಕನೆಯ ಸೆರೊ ಸಮೀಕ್ಷೆಯಲ್ಲಿ ದೇಶದ ಶೇ 67.6ರಷ್ಟು ಜನರ ರಕ್ತದಲ್ಲಿ ಪ್ರತಿಕಾಯ ಸಿಕ್ಕಿತು. ಒಂದು ಡೋಸ್ ಲಸಿಕೆಯನ್ನೂ ಪಡೆಯದವರಲ್ಲೇ ಶೇ 62.3. ಆಗ ಸರಕಾರದ ಲೆಕ್ಕದಲ್ಲಿದ್ದ ಪಾಸಿಟಿವ್ ಪ್ರಕರಣಗಳು ಮೂರು ಕೋಟಿ ಚಿಲ್ಲರೆ. ಎಂದರೆ ಸೋಂಕು ತಗಲಿದವರಲ್ಲಿ ಬಹುಪಾಲು ಜನರ ಬಳಿ ಕಾಗದವೇ ಇಲ್ಲ. ಇಂಥ ಕಡೆ "ರಿಪೋರ್ಟ್ ತೋರಸ್ರಿ" ಎಂಬ ಮಾತಿನಿಂದ ವಿಚಾರಣೆ ಶುರುಮಾಡಿದರೆ ಅರ್ಧ ಊರು ಬಾಗಿಲಿನಿಂದಲೇ ಹಿಂದಿರುಗುತ್ತದೆ. 2024ರ ಜೂನ್‌ನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ಕೊಟ್ಟ ಹೊಸ ವ್ಯಾಖ್ಯೆಯಲ್ಲಿ ಲಾಂಗ್ ಕೋವಿಡ್ ಎನ್ನಲು ಲ್ಯಾಬ್ ವರದಿ ಬೇಕಿಲ್ಲ. ರೋಗಿಗಳು 2020ರಲ್ಲಿ ಅಂದದ್ದನ್ನು ಅಕಾಡೆಮಿ ಅನ್ನಲು ನಾಲ್ಕು ವರ್ಷ ಹಿಡಿಯಿತು.

ಆಸ್ಪತ್ರೆಗಳು ಹಿಂದೆಯೇ ಬಂದವು. ರೋಮ್‌ನ ಜೆಮೆಲ್ಲಿ ಆಸ್ಪತ್ರೆ ತಾನು ಮನೆಗೆ ಕಳಿಸಿದ 143 ಜನರನ್ನು ಮತ್ತೆ ಕರೆಸಿ ನೋಡಿದ ಲೆಕ್ಕ 2020ರ ಜುಲೈನಲ್ಲಿ ಪ್ರಕಟವಾಯಿತು. ಕಾಯಿಲೆ ಶುರುವಾಗಿ ಎರಡು ತಿಂಗಳ ನಂತರವೂ ಶೇ 87ರಷ್ಟು ಜನರಿಗೆ ಒಂದಲ್ಲ ಒಂದು ತೊಂದರೆ ಉಳಿದಿತ್ತು, ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಳಲಿಕೆ. ಆಗಸ್ಟ್ 21ರಂದು ವಿಶ್ವ ಆರೋಗ್ಯ ಸಂಸ್ಥೆ ರೋಗಿಗಳ ಗುಂಪಿನೊಂದಿಗೆ ಮಾತಿಗೆ ಕೂತಿತು. 2021ರ ಅಕ್ಟೋಬರ್ 6ರಂದು ಅದರ ವ್ಯಾಖ್ಯೆ ಬಂತು: ಸೋಂಕಾಗಿ ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಇರುವ, ಕನಿಷ್ಠ ಎರಡು ತಿಂಗಳು ಕಾಡುವ, ಬೇರೆ ಕಾಯಿಲೆಯಿಂದ ವಿವರಿಸಲಾಗದ ಲಕ್ಷಣಗಳು. ಅದೇ ತಿಂಗಳು ಭಾರತದ ಆರೋಗ್ಯ ಸಚಿವಾಲಯವೂ ಕೋವಿಡ್ ನಂತರದ ತೊಂದರೆಗಳಿಗೆ ಮಾರ್ಗಸೂಚಿ ಹೊರಡಿಸಿತು. 2023ರಲ್ಲಿ ಐಸಿಎಂಆರ್ 31 ಆಸ್ಪತ್ರೆಗಳಿಂದ ಬಿಡುಗಡೆಯಾದ 14,419 ಜನರನ್ನು ಒಂದು ವರ್ಷದವರೆಗೆ ವಿಚಾರಿಸಿದ ಲೆಕ್ಕ ಕೊಟ್ಟಿತು. ಅವರಲ್ಲಿ ಶೇ 6.5 ಮಂದಿ ಆ ವರ್ಷದೊಳಗೇ ತೀರಿಕೊಂಡಿದ್ದರು. ಸೋಂಕಿಗೆ ಮೊದಲೇ ಲಸಿಕೆ ಪಡೆದಿದ್ದವರಲ್ಲಿ ಆ ಅಪಾಯ ಬಹಳ ಕಡಿಮೆ. ದೊಡ್ಡ ಲೆಕ್ಕ, ಬೆಲೆಯುಳ್ಳ ಲೆಕ್ಕ. ಆದರೆ ಇದೂ ಆಸ್ಪತ್ರೆಗೆ ಬಂದವರದೇ.

ಜ್ವರ ಹೋದ ಮೇಲೂ ಕಾಯಿಲೆ ಉಳಿಯುತ್ತದೆ ಎಂಬುದರಲ್ಲಿ ನಮಗೆ ಅಚ್ಚರಿ ಇರಬಾರದಿತ್ತು. 2006ನ್ನು ನೆನೆಸಿಕೊಳ್ಳಿ. ಮೂರು ದಶಕ ಸದ್ದಿಲ್ಲದೆ ಇದ್ದ ಚಿಕೂನ್‌ಗುನ್ಯಾ ಮತ್ತೆ ಎದ್ದ ಕಾಲ. ದೇಶದಲ್ಲಿ ಆ ವರ್ಷ ಸುಮಾರು 14 ಲಕ್ಷ ಶಂಕಿತ ಪ್ರಕರಣ, ಅರ್ಧಕ್ಕಿಂತ ಹೆಚ್ಚು ಕರ್ನಾಟಕದಲ್ಲಿಯೇ. ಜ್ವರ ವಾರದಲ್ಲಿ ಇಳಿಯಿತು. ಕೀಲುನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯಿತು. ಬೆಳಿಗ್ಗೆ ಎದ್ದು ಚಪ್ಪಲಿ ಮೆಟ್ಟಲಾಗದೆ ಗೋಡೆ ಹಿಡಿದು ನಿಂತವರನ್ನು ಉತ್ತರ ಕರ್ನಾಟಕದ ಪ್ರತಿ ಊರೂ ಕಂಡಿದೆ.

ಅದೇ 2006ರಲ್ಲಿ ಆಸ್ಟ್ರೇಲಿಯಾದ ಡಬ್ಬೋ ಎಂಬ ಹೊಲ-ಹುಲ್ಲುಗಾವಲಿನ ನಡುವಿನ ಊರಿನಿಂದ ಒಂದು ಅಧ್ಯಯನ ಬಂತು. ಎಪ್‌ಸ್ಟೀನ್-ಬಾರ್ ವೈರಸ್, ಕ್ಯೂ ಫೀವರ್, ಸೊಳ್ಳೆಯಿಂದ ಬರುವ ರಾಸ್ ರಿವರ್ ವೈರಸ್ – ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸೋಂಕು. ಕಾಯಿಲೆ ಬಿದ್ದ 253 ಜನರನ್ನು ಅಲ್ಲಿನ ವೈದ್ಯರು ಮೊದಲ ದಿನಗಳಿಂದಲೇ ಬೆನ್ನುಹತ್ತಿ ನೋಡಿದರು. ಆರು ತಿಂಗಳಿಗೆ ಶೇ 12ರಷ್ಟು ಮಂದಿ ಇನ್ನೂ ಬಳಲುತ್ತಿದ್ದರು, ರೋಗಾಣು ಯಾವುದೇ ಇರಲಿ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಯಾರು ಬಳಲುತ್ತಾರೆ ಎಂಬುದನ್ನು ಹೇಳುತ್ತಿದ್ದುದು ಮೊದಲಿನ ಜ್ವರದ ತೀವ್ರತೆ. ಹಿಂದೆ ಮನೋವ್ಯಾಧಿ ಇತ್ತೇ ಇಲ್ಲವೇ ಎಂಬುದಲ್ಲ. ಕೋವಿಡ್ ಬರುವ ಹದಿನಾಲ್ಕು ವರ್ಷ ಮೊದಲೇ ಅಚ್ಚಾಗಿ ಕಪಾಟಿನಲ್ಲಿದ್ದ ಮಾತು ಇದು.

ಡಬ್ಬೋದಂಥ ಕೆಲಸ ಬೆಳಗಾವಿಗೆ ಹೊಸದಲ್ಲ ಎನ್ನಲಿಕ್ಕೂ 2006ರದೇ ಸಾಕ್ಷಿ ಇದೆ. ಆ ಅಕ್ಟೋಬರಿನ ಲ್ಯಾನ್ಸೆಟ್‌ನಲ್ಲಿ ಇಲ್ಲಿನ ಜವಾಹರಲಾಲ ನೆಹರೂ ವೈದ್ಯಕೀಯ ಕಾಲೇಜಿನ ಕೊಡಕಣಿ, ಗೌಡರ ಮೊದಲಾದವರು ಅಮೆರಿಕದ ಡರ್ಮನ್ ಅವರೊಂದಿಗೆ ಸೇರಿ ಮಾಡಿದ ಪ್ರಯೋಗ ಪ್ರಕಟವಾಯಿತು. ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ಹೆಂಗಸರು. ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟರೆ ಅತಿ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿಯುತ್ತದೆ ಎಂದು ಅದು ತೋರಿಸಿತು. ಗುಳಿಗೆ ಕೊಟ್ಟವರೂ ರಕ್ತ ಅಳೆದವರೂ ಲೆಕ್ಕ ಬರೆದವರೂ ಉಪಕೇಂದ್ರದ ನರ್ಸ್‌ಬಾಯಿಗಳು. ಜಗತ್ತಿನ ಹೆರಿಗೆ ಕೋಣೆಗಳ ರೂಢಿ ಬದಲಿಸಿದ ಪುರಾವೆ ಹಳ್ಳಿಯ ರಿಜಿಸ್ಟರಿನಿಂದ ಹೊರಟಿತ್ತು. ಹಾಗಾಗಿ ಅಬನಾಳಿಯ 144 ಜನರ ಮಾತು ಬಂದಾಗಲೆಲ್ಲ ನನಗೆ ಡಬ್ಬೋ ನೆನಪಾಗುತ್ತದೆ. ಎಲ್ಲರಿಗೂ ಒಂದೇ ವಾರದಲ್ಲಿ ಸೋಂಕು ಗೊತ್ತಾಗಿದೆ, ಒಂದೇ ಗಾಳಿ, ಒಂದೇ ಊಟ, ಸೋಂಕಾಗದ ಅಷ್ಟೇ ಮಂದಿ ಅಕ್ಕಪಕ್ಕದ ಮನೆಯಲ್ಲೇ ಇದ್ದಾರೆ. ಅಧ್ಯಯನಕ್ಕೆಂದೇ ಆರಿಸಿದರೂ ಇಂಥ ಊರು ಸಿಗುವುದು ಕಷ್ಟ.

ಜ್ವರ ಹೋದ ಮೇಲೂ ಕಾಯಿಲೆ ಉಳಿಯುತ್ತದೆ ಎಂಬುದು ಮೊದಲನೆಯ ಆವಿಷ್ಕಾರ. ಈಗ ಎರಡನೆಯದು. ಇದನ್ನು ಒಪ್ಪಲು ವೈದ್ಯಲೋಕ ಇನ್ನೂ ಹೆಚ್ಚು ತಡಮಾಡಿತು.

ಬಳಲಿಕೆ ಎಂದ ಕೂಡಲೇ ಹೊಳೆಯುವ ಸಲಹೆ ಒಂದೇ: ಮಲಗಿದ್ದು ಮಲಗಿದ್ದು ಮೈ ಜಡ್ಡುಗಟ್ಟಿದೆ, ದಿನಾ ಸ್ವಲ್ಪ ಸ್ವಲ್ಪ ನಡೆಯಿರಿ, ವಾರ ವಾರ ಹೆಚ್ಚಿಸಿರಿ. ಇದಕ್ಕೆ ಶಾಸ್ತ್ರದ ಆಧಾರವೂ ಇತ್ತು. 2011ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಬ್ರಿಟನ್ನಿನ ಪೇಸ್ ಪ್ರಯೋಗ, 641 ದೀರ್ಘ ಬಳಲಿಕೆಯ ರೋಗಿಗಳ ಮೇಲೆ ನಡೆದದ್ದು, ಹಂತಹಂತದ ವ್ಯಾಯಾಮದಿಂದ ಗುಣವಾಗುತ್ತದೆ ಎಂದಿತ್ತು. ರೋಗಿಗಳು ಇಲ್ಲ, ನಮಗೆ ಹೆಚ್ಚಾಗುತ್ತದೆ ಎಂದು ಕೂಗುತ್ತಲೇ ಇದ್ದರು. ಆಸ್ಟ್ರೇಲಿಯಾದ ರೋಗಿ ಅಲೆಮ್ ಮ್ಯಾಥೀಸ್ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ನ್ಯಾಯಮಂಡಳಿಯವರೆಗೂ ಹೋಗಿ, 2016ರಲ್ಲಿ ಆ ಪ್ರಯೋಗದ ಮೂಲ ಅಂಕಿಗಳನ್ನು ಹೊರತೆಗೆಸಿದರು. ಮೊದಲು ಗೊತ್ತುಮಾಡಿಕೊಂಡಿದ್ದ ಅಳತೆಗೋಲಿನಿಂದಲೇ ಅಳೆದಾಗ ಗುಣವಾದವರ ಸಂಖ್ಯೆ ಕರಗಿಹೋಯಿತು. 2020ರ ಜುಲೈನಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ ತನ್ನ ಹಳೆಯ ವ್ಯಾಯಾಮದ ಸಲಹೆಯನ್ನು ಕೋವಿಡ್ ಬಳಲಿಕೆಗೆ ಹಾಗೆಯೇ ಅನ್ವಯಿಸಬೇಡಿ ಎಂದು ಎಚ್ಚರಿಸಿತು. 2021ರ ಅಕ್ಟೋಬರಿನಲ್ಲಿ ಆ ಸಲಹೆಯನ್ನೇ ಕೈಬಿಟ್ಟಿತು.

ರೋಗಿಗಳು ಹೇಳುತ್ತಿದ್ದುದು ಸಾಮಾನ್ಯ ಸುಸ್ತಲ್ಲ. ಕೆಲಸ ಮಾಡುವಾಗ ಪರವಾಗಿಲ್ಲ ಎನ್ನಿಸುತ್ತದೆ. ಮಾಡಿಯೇ ಬಿಡುತ್ತಾರೆ. ಅಂದು ರಾತ್ರಿಯೋ ಮರುದಿನವೋ ಕೆಲವೊಮ್ಮೆ ಎರಡು ದಿನ ಬಿಟ್ಟೋ ಹೊಡೆತ ಬೀಳುತ್ತದೆ: ಮೈಕೈ ನೋವು, ಗಂಟಲು ಕೆರೆತ, ತಲೆ ಮಂಕು, ಮಾತು ಹುಡುಕಾಟ, ನಿದ್ದೆ ಮಾಡಿದರೂ ಇಳಿಯದ ದಣಿವು. ಇವತ್ತು ತೆಗೆದುಕೊಂಡ ಕಸುವಿಗೆ ನಾಳೆ ಮೀಟರ್ ಬಡ್ಡಿ ಕಟ್ಟಿದ ಹಾಗೆ. ಮೈಯ ದುಡಿಮೆಯೇ ಆಗಬೇಕೆಂದಿಲ್ಲ. ಎರಡು ತಾಸು ಬ್ಯಾಂಕಿನಲ್ಲಿ ನಿಂತು ಲೆಕ್ಕದ ಜಗಳ ಮಾಡಿ ಬಂದರೂ ಸಾಕು.

ಇದು ಮನಸ್ಸಿನ ಆಟ ಎಂಬ ವಾದಕ್ಕೆ ಆಮ್‌ಸ್ಟರ್‌ಡ್ಯಾಮಿನ ರಾಬ್ ವುಸ್ಟ್ ಅವರ ತಂಡ ನೇರವಾಗಿ ಮಾಂಸಖಂಡದೊಳಗೇ ಉತ್ತರ ಹುಡುಕಿತು. 25 ಲಾಂಗ್ ಕೋವಿಡ್ ರೋಗಿಗಳು, 21 ಆರೋಗ್ಯವಂತರು. ಎಲ್ಲರಿಗೂ ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ದಣಿಯುವ ತನಕ ತುಳಿಸಿದರು. ಅದಕ್ಕೆ ವಾರ ಮೊದಲು ಒಮ್ಮೆ, ತುಳಿದ ಮರುದಿನ ಒಮ್ಮೆ ತೊಡೆಯ ಸ್ನಾಯುವಿನಿಂದ ಚೂರು ತೆಗೆದು ನೋಡಿದರು. 2024ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶ: ರೋಗಿಗಳ ಜೀವಕೋಶದಲ್ಲಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾದ ಕೆಲಸವೇ ಕುಂಠಿತ; ವ್ಯಾಯಾಮದ ನಂತರ ಅದು ಇನ್ನೂ ಕೆಳಗಿಳಿಯಿತು; ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸತ್ತಿದ್ದವು. ಹಾಸಿಗೆ ಹಿಡಿದದ್ದರಿಂದ ಆದ ಜಡತೆಯ ಚಿತ್ರ ಇದಲ್ಲ. ರೋಗಿಗೆ ಒಂದು ದಿನ ತಡವಾಗಿ ಬೀಳುವ ಹೊಡೆತ ಮರುದಿನದ ಚೂರಿನಲ್ಲೇ ಸಿಕ್ಕಿತ್ತು.

ಇದರ ಮೂಲ ಏನು ಎಂಬಲ್ಲಿ ಇನ್ನೂ ತಕರಾರಿದೆ. 2022ರಲ್ಲಿ 44 ಶವಪರೀಕ್ಷೆಗಳ ಅಧ್ಯಯನವೊಂದು ಮೆದುಳೂ ಸೇರಿದಂತೆ ಹಲವು ಅಂಗಗಳಲ್ಲಿ ವೈರಸ್ಸಿನ ಆರ್‌ಎನ್‌ಎ ಕಂಡಿತು, ಒಬ್ಬರಲ್ಲಿ 230 ದಿನದ ಮೇಲೂ. ಸಣ್ಣ ರಕ್ತಗರಣೆಗಳು, ದೇಹ ತನ್ನ ಮೇಲೇ ತಿರುಗಿಬೀಳುವುದು, ಮಲಗಿದ್ದ ಹಳೆಯ ವೈರಸ್‌ಗಳು ಏಳುವುದು – ಒಂದೊಂದಕ್ಕೂ ಒಂದಷ್ಟು ಪುರಾವೆ ಇದೆ. ಬಹುಶಃ ಇದು ಒಂದೇ ಕಾಯಿಲೆಯಲ್ಲ.

ಒಂದೇ ಅಲ್ಲ ಎಂಬುದು ಚಿಕಿತ್ಸೆಯಲ್ಲಿ ಬಹಳ ಮುಖ್ಯ. ವೆಂಟಿಲೇಟರ್ ಮೇಲೆ ಇದ್ದು ಬಂದ, ಶ್ವಾಸಕೋಶ ಗಾಯಗೊಂಡ, ಸ್ನಾಯು ಕರಗಿದ ಮನುಷ್ಯನಿಗೆ ಫಿಸಿಯೊಥೆರಪಿ ಬೇಕೇ ಬೇಕು. ಆಸ್ಪತ್ರೆಯಿಂದ ಬಂದ 585 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದ ರೀಗೇನ್ ಪ್ರಯೋಗದಲ್ಲಿ, ಮೇಲ್ವಿಚಾರಣೆಯ ವ್ಯಾಯಾಮವೂ ಮನೋಬೆಂಬಲವೂ ಸೇರಿದ ತರಬೇತಿ ಬದುಕಿನ ಗುಣಮಟ್ಟವನ್ನು ಸ್ವಲ್ಪ ಸುಧಾರಿಸಿತು. ಮನೆಯಲ್ಲೇ ಜ್ವರ ಕಳೆದು ಮರುದಿನದ ಹೊಡೆತ ತಿನ್ನುವವನಿಗೆ ಅದೇ ವ್ಯಾಯಾಮ ಕೇಡು. ಇಬ್ಬರೂ ಒಂದೇ ಓಪಿಡಿಯ ಬೆಂಚಿನ ಮೇಲೆ ಕೂತು "ಭಾಳ ಸುಸ್ತ್ರಿ ಡಾಕ್ಟರ್" ಎಂದೇ ಹೇಳುತ್ತಾರೆ. ಬೇರ್ಪಡಿಸುವ ಪ್ರಶ್ನೆಗೆ ಯಂತ್ರ ಬೇಕಿಲ್ಲ: ಕೆಲಸ ಮಾಡಿದ ಮರುದಿನ ಹೆಂಗಿರತೈತಿ?

ಬೆಳಗಾವಿ-ಖಾನಾಪುರದಲ್ಲಿ ಆ ಪ್ರಶ್ನೆಗೂ ಮೊದಲು ಕೇಳಬೇಕಾದವು ಇವೆ. ಕೆಮ್ಮು, ತೂಕ ಇಳಿತ, ಸಂಜೆ ಜ್ವರ ಇದ್ದರೆ ಕಫ ಪರೀಕ್ಷೆ. ಕ್ಷಯ ಇದ್ದು ಅದನ್ನು ಕೋವಿಡ್ಡಿನ ತಲೆಗೆ ಕಟ್ಟಿದರೆ ಮನೆಮಂದಿಗೆಲ್ಲ ಅಪಾಯ. ಹೆಂಗಸರಲ್ಲಿ ರಕ್ತಹೀನತೆ, ಥೈರಾಯ್ಡ್. ಆ ದಿನಗಳಲ್ಲಿ ಸ್ಟಿರಾಯ್ಡ್ ತೆಗೆದುಕೊಂಡವರಲ್ಲಿ ಸಕ್ಕರೆ. ಎದೆನೋವು ಇದ್ದರೆ ಇಸಿಜಿ. ಇವೆಲ್ಲ ತಾಲೂಕು ಆಸ್ಪತ್ರೆಯ ಮಟ್ಟದ ಪರೀಕ್ಷೆಗಳು. ಆಗ ಕೊಂಡ ಆಕ್ಸಿಮೀಟರ್ ಇನ್ನೂ ಕಪಾಟಿನಲ್ಲಿದ್ದರೆ ಅದಕ್ಕೂ ಕೆಲಸವಿದೆ. ಮಲಗಿ ವಿಶ್ರಮಿಸಿ ನಾಡಿ ನೋಡಿಕೊಳ್ಳಿ, ಪಕ್ಕದಲ್ಲಿ ಒಬ್ಬರನ್ನು ಇಟ್ಟುಕೊಂಡು ಹತ್ತು ನಿಮಿಷ ಸುಮ್ಮನೆ ನಿಂತು ಮತ್ತೆ ನೋಡಿ. ರಕ್ತದೊತ್ತಡ ಇಳಿಯದೆಯೇ ನಾಡಿ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಏರಿ, ತಲೆ ತಿರುಗಿ, ಎದೆ ಢವಢವ ಎಂದರೆ ಅದು ಪಾಟ್ಸ್ ಇರಬಹುದು. ನರಗಳು ನಾಡಿಯ ಲಯ ಕಾಯುವುದರಲ್ಲಿ ಎಡವುವ ತೊಂದರೆ. ನೀರು, ಉಪ್ಪು, ಕಾಲಿಗೆ ಬಿಗಿ ಕಾಲುಚೀಲ, ಬೇಕಾದರೆ ಔಷಧ, ಇವುಗಳಿಂದ ಹಲವರಿಗೆ ಗುಣ ಕಾಣುತ್ತದೆ. ಬಿಪಿ, ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಉಪ್ಪು ಹೆಚ್ಚಿಸಬಾರದು. ವಾಸನೆ ಮರಳದವರಿಗೆ ಜರ್ಮನಿಯ ಡ್ರೆಸ್‌ಡೆನ್ನಿನ ಥಾಮಸ್ ಹುಮ್ಮೆಲ್ 2009ರಲ್ಲಿ ತೋರಿಸಿದ ಸಾಧನೆ ಇದೆ: ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ದಿನಕ್ಕೆ ಎರಡು ಸಲ ಹನ್ನೆರಡು ವಾರ ಗಮನವಿಟ್ಟು ಮೂಸುವುದು. ನಾಲ್ಕೂ ಬೆಳಗಾವಿಯ ರವಿವಾರ ಪೇಟೆಯಲ್ಲಿ ಸಿಗುತ್ತವೆ.

ಕೆಲಸಕ್ಕೆ ಬಾರದ್ದನ್ನೂ ಹೇಳಬೇಕು. ಅಶಕ್ತಿ ಎಂದರೆ ಸಲಾಯನ್ ಹಚ್ಚಿಸಿಕೊಳ್ಳುವುದು ನಮ್ಮ ಕಡೆಯ ರೂಢಿ. ಬಾಟಲಿಯಲ್ಲಿ ಇರುವುದು ಉಪ್ಪುನೀರು, ಸ್ವಲ್ಪ ಸಕ್ಕರೆ, ಬಣ್ಣಕ್ಕೊಂದು ವಿಟಮಿನ್ ಇಂಜಕ್ಷನ್. ಎರಡು ದಿನ ಹಗುರ ಅನ್ನಿಸುತ್ತದೆ, ಹಗುರಾದ ಧೈರ್ಯಕ್ಕೆ ಕೆಲಸಕ್ಕೆ ಇಳಿಯುತ್ತಾರೆ, ನಾಲ್ಕನೆಯ ದಿನ ಮತ್ತೆ ಬಾಟಲಿ. ಇನ್ನೊಂದು, ಲಸಿಕೆಯೇ ಇದಕ್ಕೆಲ್ಲ ಕಾರಣ ಎಂಬ ಕಟ್ಟೆಯ ಮಾತು. 2020ರ ಜುಲೈನಲ್ಲಿ ಕೋವ್ಯಾಕ್ಸಿನ್‌ನ ಮೊದಲ ಪ್ರಯೋಗಕ್ಕೆ ದೇಶದಲ್ಲಿ ಆರಿಸಿದ 12 ಕೇಂದ್ರಗಳಲ್ಲಿ ಬೆಳಗಾವಿಯ ಜೀವನ್ ರೇಖಾ ಆಸ್ಪತ್ರೆಯೂ ಒಂದು. ಅದಕ್ಕೂ ಬಹಳ ಹಿಂದೆ ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಇಂಥ ಊರಿಗೆ ಆ ಮಾತು ಒಪ್ಪುವುದಿಲ್ಲ. ಅಮೆರಿಕದ ಮಾಜಿ ಸೈನಿಕರ ದಾಖಲೆಗಳನ್ನು ಜಾಲಾಡಿದ ಜಿಯಾದ್ ಅಲ್-ಅಲಿ ಅವರ ತಂಡ 2024ರ ಜುಲೈನಲ್ಲಿ ತೋರಿಸಿದ್ದು ಇದಕ್ಕೆ ತಿರುಗು: ಸಾಂಕ್ರಾಮಿಕದ ಶುರುವಿನಲ್ಲಿ ಸೋಂಕಾದ ನೂರಕ್ಕೆ ಹತ್ತು ಜನರಲ್ಲಿ ಲಾಂಗ್ ಕೋವಿಡ್ ಕಂಡರೆ, ಓಮಿಕ್ರಾನ್ ಕಾಲದ ಲಸಿಕೆ ಪಡೆದವರಲ್ಲಿ ಮೂರೂವರೆ.

ಇಷ್ಟಾದರೂ ಗುಳಿಗೆ ಸಿಕ್ಕಿಲ್ಲ. ಸೋಂಕಾದ ಮೊದಲ ದಿನಗಳಲ್ಲೇ ಮೆಟ್‌ಫಾರ್ಮಿನ್ ಕೊಟ್ಟರೆ ಮುಂದೆ ಲಾಂಗ್ ಕೋವಿಡ್ ಆಗುವುದು ಶೇ 41ರಷ್ಟು ತಗ್ಗಿತು ಎಂದು 2023ರ ಅಮೆರಿಕದ ಪ್ರಯೋಗವೊಂದು ಹೇಳಿತು. ನಮ್ಮ ಸಕ್ಕರೆ ರೋಗಿಗಳ ಡಬ್ಬಿಯಲ್ಲಿರುವ ಅದೇ ಅಗ್ಗದ ಗುಳಿಗೆ. ಆದರೆ ಅದು ತಡೆಗೆ, ಈಗಾಗಲೇ ಬಳಲುವವರಿಗಲ್ಲ. ಬಳಲುವವರಿಗೆ ಕೋವಿಡ್ ವೈರಸ್ಸಿನ ಔಷಧ ಪ್ಯಾಕ್ಸ್‌ಲೊವಿಡ್ ಹದಿನೈದು ದಿನ ಕೊಟ್ಟು ನೋಡಿದ ಸ್ಟ್ಯಾನ್‌ಫರ್ಡ್ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಕೈಯಲ್ಲಿರುವ ಉಪಾಯ ರೋಗಿಗಳೇ ಕಂಡುಕೊಂಡದ್ದು: ಹೊಡೆತ ಬೀಳುವ ಗೆರೆ ಎಲ್ಲಿದೆ ಎಂದು ಡೈರಿ ಬರೆದು ಕಂಡುಕೊಳ್ಳುವುದು, ಗೆರೆಯ ಈಚೆಗೇ ಕೆಲಸ ನಿಲ್ಲಿಸುವುದು, ಹಗುರಾದ ದಿನವೂ ಗೆರೆ ದಾಟದಿರುವುದು. ದಣಿದ ಮೇಲೆ ಕೂರುವುದಲ್ಲ, ದಣಿಯುವ ಮೊದಲೇ ಕೂರುವುದು. ಅನೇಕರು ತಿಂಗಳುಗಳಲ್ಲಿ ನಿಧಾನವಾಗಿ ಸುಧಾರಿಸುತ್ತಾರೆ, ಕೆಲವರು ಸುಧಾರಿಸುವುದಿಲ್ಲ.

ಕಚೇರಿಯವರಿಗೆ ಇದನ್ನು ಹೇಳುವುದು ಸುಲಭ. ಜುಲೈನಲ್ಲಿ ಖಾನಾಪುರದ ಗದ್ದೆಗೆ ಇಳಿದ ಹೆಂಗಸಿಗೆ ಹೇಳಿ ನೋಡಿ. ನಾಟಿ ಸಾಲಿನ ಕೆಲಸ. ಒಬ್ಬಳು ನಿಂತರೆ ಸಾಲು ನಿಲ್ಲುತ್ತದೆ, ಮರುದಿನ ಅವಳನ್ನು ಕರೆಯುವುದಿಲ್ಲ. ಹಂಚಿನ ಭಟ್ಟಿಯಲ್ಲಿ ಕೂಲಿ ನಗದ ಲೆಕ್ಕದ್ದು. ಗೋವಾಕ್ಕೆ ಹೋದ ಗೌಂಡಿಗೆ ಅರ್ಧ ದಿನದ ಪಗಾರ ಎಂಬುದಿಲ್ಲ. ಇಲ್ಲಿ ಡೈರಿ ಬರೆದು ಗೆರೆ ಕಂಡುಕೊಂಡರೂ ಗೆರೆಯ ಈಚೆ ಊಟ ಇರುವುದಿಲ್ಲ.

ಕರ್ನಾಟಕದ ನರೇಗಾದಲ್ಲಿ ಒಂದು ರಿಯಾಯಿತಿ ಇತ್ತು: ಅಂಗವಿಕಲರೂ ಹಿರಿಯರೂ ಅರ್ಧ ಅಳತೆಯ ಕೆಲಸ ಮಾಡಿದರೂ ಪೂರ್ತಿ ಕೂಲಿ. ಲಾಂಗ್ ಕೋವಿಡ್ ರೋಗಿಗೆ ಬೇಕಾದುದು ಕರಾರುವಾಕ್ಕಾಗಿ ಇದೇ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿರುವ 21 ವೈಕಲ್ಯಗಳಲ್ಲಿ ಸೋಂಕಿನ ನಂತರದ ಬಳಲಿಕೆ ಇಲ್ಲ. ಅಮೆರಿಕ 2021ರ ಜುಲೈನಲ್ಲಿಯೇ ಲಾಂಗ್ ಕೋವಿಡ್ ಅಂಗವೈಕಲ್ಯವಾಗಬಹುದು ಎಂದು ಒಪ್ಪಿಕೊಂಡಿತು. ನಮ್ಮ ಕಾಯ್ದೆಯಲ್ಲಿಯೂ ಕೇಂದ್ರ ಸರಕಾರ ಅಧಿಸೂಚನೆಯ ಮೂಲಕ ಪಟ್ಟಿಗೆ ಹೊಸ ಹೆಸರು ಸೇರಿಸಲು ಅವಕಾಶವಿದೆ; ಅದಕ್ಕೆ ಮೊದಲು ಆ ಬಳಲಿಕೆಯನ್ನು ತಾಲೂಕು ಮಟ್ಟದಲ್ಲಿ ಎಣಿಸಿದ ಕಾಗದ ಬೇಕು, ಆಶಾ ಕಾರ್ಯಕರ್ತೆಯ ರಿಜಿಸ್ಟರಿನಲ್ಲಿ ಮರುದಿನದ ಪ್ರಶ್ನೆಗೆ ಒಂದು ಗೆರೆ ಜಾಗ ಬೇಕು.